ಡಿಶ್ ಪಿಳ್ಳಪ್ಪನ ಬೆಟ್ಟ

ಬನಶಂಕರಿ ಎರಡನೇ ಹಂತದ ಮೂರಂತಸ್ತಿನ ಮನೆಯೊಂದರ ತಾರಸಿ. ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು ಕೆಳಗಿನಿಂದ ಬರುತ್ತಿದೆ. ಪಿಳ್ಳಪ್ಪ ತುಕ್ಕು ಹಿಡಿದ ಕಂಬದ ಪಕ್ಕ ಮಂಡಿಯೂರಿ, ಡಿಶ್ಶಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಅಷ್ಟೇ ಬಲಕ್ಕೆ ತಿರುಗಿಸುತ್ತಿದ್ದಾರೆ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿದೆ. ಕೆಳಗೆ ಟಿ.ವಿ. ಮುಂದೆ ಕೂತ ಮನೆಯವರು ಬಂತು, ಹೋಯ್ತು, ಇಲ್ಲ ಇಲ್ಲ ಬಂತು ಎಂದು ಹೇಳುತ್ತಲೇ ಇದ್ದಾರೆ. ಇವತ್ತು ಕ್ರಿಕೆಟ್ ಇದೆ. ಮನೆಯವರು ಆಫೀಸಿಗೆ ಹೊರಡುವ ಮೊದಲೇ ರಿಪೇರಿ ಆಗಬೇಕು.

ಕೊನೆಗೂ ಚಿತ್ರ ನಿಲ್ಲುತ್ತದೆ. ಪಿಳ್ಳಪ್ಪ ನಟ್ಟು ಬಿಗಿ ಮಾಡಿ, ಕೆಲಸ ಆಗಿದೆ ಎನ್ನುವುದಕ್ಕೆ ಒಂದು ಫೋಟೊ ತೆಗೆದು ಕಂಪನಿಯ ಆ್ಯಪಿಗೆ ಕಳಿಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಅವರು ಇಳಿಯುವುದಿಲ್ಲ. ಒಂದು ಮೂಲೆಗೆ ಹೋಗಿ ಬಗ್ಗುತ್ತಾರೆ, ಇನ್ನೊಂದು ಮೂಲೆಗೆ ಬಂದು ಕುಕ್ಕರುಗಾಲಲ್ಲಿ ಕೂರುತ್ತಾರೆ, ಬಟ್ಟೆ ಒಣಗಿಸುವ ತಂತಿಯನ್ನು ಕೈಯಿಂದ ಮೇಲೆತ್ತಿ ಅದರ ಕೆಳಗಿನಿಂದ ಇಣುಕುತ್ತಾರೆ. ದೂರದಲ್ಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ, ಬನ್ನೇರುಘಟ್ಟದ ಬೆಟ್ಟಸಾಲು ನೀಲಿಯಾಗಿ ಎದ್ದಿದೆ. ಪಿಳ್ಳಪ್ಪ ಉಸಿರು ಬಿಗಿಹಿಡಿದು ಫೋನಿನ ಪರದೆ ಮುಟ್ಟುತ್ತಾರೆ. ನೋಡಿಕೊಂಡು ತಲೆ ಅಲ್ಲಾಡಿಸಿ, ಮತ್ತೆ ಜಾಗ ಬದಲಿಸುತ್ತಾರೆ.

“ಕೆಳಗಿದ್ರೆ ಎದೆ ಮೇಲೆ ಯಾರೋ ಕೂತಂಗಾಗತ್ತೆ ಸಾರ್,” ಎನ್ನುತ್ತಾರೆ. “ಮೇಲೆ ಬಂದ್ರೇನೇ ಉಸಿರು.”

ಐವತ್ತು ದಾಟಿರುವ ಪಿಳ್ಳಪ್ಪ ಹೊಸಕೆರೆಹಳ್ಳಿಯವರು. ಅವರ ತಂದೆ ಕೆರೆಯ ಕೆಳಗಿನ ತುಂಡು ನೆಲದಲ್ಲಿ ಕೊತ್ತಂಬರಿ, ದಂಟು ಬೆಳೆಯುತ್ತಿದ್ದರು. ಆ ನೆಲ ಬಡಾವಣೆಯೊಳಗೆ ಸೇರಿಹೋದ ಮೇಲೆ ಮಗ ಕೇಬಲ್ ಟಿ.ವಿ.ಯವರ ಜೊತೆ ತಂತಿ ಎಳೆಯಲು ಹೋದರು. ಒಂದು ತಾರಸಿಯಿಂದ ಪಕ್ಕದ ತಾರಸಿಗೆ ಸುರುಳಿ ಎಸೆಯುತ್ತಿದ್ದ ಆ ಕಾಲದಲ್ಲಿ ಕಾಲು ಒಂದು ಕಡೆ ನಿಲ್ಲದ ಅಭ್ಯಾಸ ಅಂಟಿಕೊಂಡಿತು. ಆಮೇಲೆ ಡಿಶ್ಶುಗಳು ಬಂದವು. ಜಯನಗರದಿಂದ ಬಿಟಿಎಂ ಲೇಔಟ್‌ವರೆಗೆ ಅವರು ಹತ್ತದ ಬೀದಿ ಕಡಿಮೆ. ಮನೆ ಬಾಗಿಲಿನ ಹೆಸರು ಅವರಿಗೆ ನೆನಪಿರುವುದಿಲ್ಲ. ಸಿಂಟೆಕ್ಸ್ ಟ್ಯಾಂಕಿನ ಬಣ್ಣ, ತುಳಸಿ ಕುಂಡ, ಬಿರುಕು ಬಿಟ್ಟ ಮೋಟುಗೋಡೆ ಹೇಳಿದರೆ ಆ ಮನೆಯ ದಾರಿ ಹೇಳುತ್ತಾರೆ.

ಫೋಟೊದ ಹುಚ್ಚು ಹಿಡಿಸಿದ್ದು ಕಂಪನಿಯ ಆ್ಯಪ್. ನಮ್ಮೂರಿನ ಡಿಶ್ಶುಗಳು ಹೆಚ್ಚುಕಡಿಮೆ ಆಗ್ನೇಯಕ್ಕೆ ಮುಖ ಮಾಡಿ ನಿಲ್ಲುತ್ತವೆ. ಆ ದಿಕ್ಕಿಗೆ ಮರವೋ ಕಟ್ಟಡವೋ ಅಡ್ಡ ಬಂದರೆ ಸಿಗ್ನಲ್ ಇಲ್ಲ. ಅಡ್ಡ ಏನಿಲ್ಲ ಎಂದು ತೋರಿಸಲು ಡಿಶ್ಶಿನ ಹಿಂದೆ ನಿಂತು ಆಕಾಶದ ಫೋಟೊ ಕಳಿಸಬೇಕು. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೂ ಅದೇ ಮೂಲೆಯಲ್ಲಿ, ಬೆಟ್ಟಗಳಿರುವುದೂ ಅತ್ತಲೇ. ಹೀಗೆ ಕಂಪನಿಗೆಂದು ಒಂದು, ತನಗೆಂದು ಇನ್ನೊಂದು ತೆಗೆಯುವುದು ಶುರುವಾಯಿತು. ತೆಗೆದದ್ದನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಮನೆ ಮುಂದೆ ಇಡ್ಲಿ ಅಂಗಡಿ ನಡೆಸುವ ಹೆಂಡತಿ ಮುನಿವೆಂಕಟಮ್ಮನಿಗಂತೂ ತೋರಿಸುವ ಹಾಗೇ ಇರಲಿಲ್ಲ. ಫೋಟೊ ನೋಡಿದರೆ ಆಕೆ ಮೊದಲು ಕೇಳುವುದು ಎಲ್ಲಿ ಹತ್ತಿದ್ದೆ ಎಂದು.

ಕಳೆದ ಜನವರಿಯ ಒಂದು ಬೆಳಿಗ್ಗೆ ಕುಮಾರಸ್ವಾಮಿ ಲೇಔಟ್‌ನ ಎತ್ತರದ ಬೀದಿಯಲ್ಲಿ ಸಂಜೀವಯ್ಯ ಎಂಬುವರ ಮನೆಯ ಡಿಶ್ ಸರಿಮಾಡಲು ಹೋಗಿದ್ದಾಗ ಆ ಚಿತ್ರ ಸಿಕ್ಕಿತು. ಪುಟ್ಟೇನಹಳ್ಳಿ ಕಡೆಯಿಂದ ಮಂಜು ಎದ್ದು ಊರನ್ನೆಲ್ಲ ನುಂಗಿತ್ತು. ಅಪಾರ್ಟ್‌ಮೆಂಟಿಲ್ಲ, ಫ್ಲೈಓವರಿಲ್ಲ. ಬಿಳಿಯ ಮೇಲೆ ಬೆಟ್ಟಗಳಷ್ಟೇ ತೇಲುತ್ತಿದ್ದವು, ಅವುಗಳ ಹೆಗಲಿಗೆ ತಾಗಿದಂತೆ ಸೂರ್ಯ. ಅಡ್ಡ ಬರುತ್ತಿದ್ದ ಕರೆಂಟು ತಂತಿ ತಪ್ಪಿಸಲು ಪಿಳ್ಳಪ್ಪ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು ತೆಗೆದರು.

ಮಗಳು ಅರ್ಪಿತ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮದುವೆ ಆಲ್ಬಂ ಮಾಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವೂ ನೂರಾರು ಫೋಟೊ ನೋಡಿ ನೋಡಿ ಬೇಸತ್ತ ಹುಡುಗಿ ಅಪ್ಪನ ಫೋನಿನಲ್ಲಿ ಇದನ್ನು ಕಂಡು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಅಪ್ಪನ ಒಪ್ಪಿಗೆ ಪಡೆದು ಅದೇ ಫೋನಿನಿಂದ ಬಡಾವಣೆಯ ಗುಂಪೊಂದರಲ್ಲಿ ಹಾಕಿದಳು. ಚಿತ್ರ ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಯಾರೋ ಶುಭೋದಯ ಬರೆದರು, ಇನ್ಯಾರೋ ಗುಲಾಬಿ ಹೂವು ಅಂಟಿಸಿದರು. ಪಿಳ್ಳಪ್ಪನಿಗೇ ಅದು ಅವರ ಭಾವಮೈದುನನಿಂದ ಬಂತು, ಹಿಮಾಲಯ ಎಂಬ ವಿವರಣೆಯ ಜೊತೆ.

ಅದಕ್ಕೆಲ್ಲ ಅವರು ನಕ್ಕಿದ್ದರು. ನಗು ನಿಂತದ್ದು ಜಯನಗರದ ಸೇತುರಾಮ ಅವರ ಮನೆಯಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ಸೇತುರಾಮ ದೊಡ್ಡ ಕ್ಯಾಮೆರಾ ಹೊತ್ತು ಬೆಟ್ಟಗುಡ್ಡ ಸುತ್ತುವವರು. ಅವರ ಹಜಾರದ ಗೋಡೆ ತುಂಬ ಚೌಕಟ್ಟು ಹಾಕಿದ ಹಿಮಶಿಖರಗಳು. ಸಿಗ್ನಲ್ ಸರಿಯಾಯಿತೇ ಎಂದು ನೋಡಲು ಪಿಳ್ಳಪ್ಪ ಒಂದು ಸುದ್ದಿವಾಹಿನಿ ಹಾಕಿದರು. ಹವಾಮಾನದ ವರದಿ ಬರುತ್ತಿತ್ತು. ಅದನ್ನು ಓದುತ್ತಿದ್ದ ಹುಡುಗಿಯ ಬೆನ್ನ ಹಿಂದೆ ಬಿಳಿ ಮಂಜು, ತೇಲುವ ಬೆಟ್ಟಗಳು, ಸೂರ್ಯ.

ಪಿಳ್ಳಪ್ಪನ ಕೈಯಲ್ಲಿದ್ದ ರಿಮೋಟು ಅಲ್ಲೇ ನಿಂತಿತು. ಅವರು ತಡೆಯಲಾರದೆ ಹೇಳಿಯೇಬಿಟ್ಟರು: “ಸಾರ್, ಇದು ನಾನ್ ತೆಗೆದಿದ್ದು.”

ಸೇತುರಾಮ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಒರಟಾಗಿ ಏನೂ ಹೇಳಲಿಲ್ಲ. “ಇದು ಎಐ ಪಿಳ್ಳಪ್ಪ. ಈಗೆಲ್ಲ ಕಂಪ್ಯೂಟರ್ರೇ ಮಾಡತ್ತೆ. ಬೆಂಗಳೂರಲ್ಲಿ ಇಂಥ ಬೆಟ್ಟ ಎಲ್ಲಿಂದ ಬರ್ಬೇಕು?” ಎಂದು ನಕ್ಕು, ಎಚ್‌ಡಿ ಚಾನೆಲ್ಲುಗಳು ಬರುತ್ತಿವೆಯೇ ನೋಡಿ ಎಂದರು. ಅವರ ಮನೆಯಾಕೆ ಕಾಫಿ ತಂದುಕೊಟ್ಟರು. ಆ ಕಾಫಿ ಹೇಗಿತ್ತೆಂದು ಪಿಳ್ಳಪ್ಪನಿಗೆ ನೆನಪಿಲ್ಲ.

ಮನೆಗೆ ಬಂದವರಿಗೆ ಕೂರಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ. ಅಂಗಡಿ ಮುಂದಿನ ಬೆಂಚಿನಿಂದ ಕೆರೆ ಏರಿಯವರೆಗೆ, ಅಲ್ಲಿಂದ ಮತ್ತೆ ಬೆಂಚಿಗೆ ಓಡಾಡಿದರು. ಹೆಸರು ಹಾಕಿಲ್ಲವೆಂಬ ಸಿಟ್ಟು ದೊಡ್ಡದಲ್ಲ ಎನ್ನುತ್ತಾರೆ ಅವರು. “ಕದ್ರೆ ಕದ್ದ್ರು ಅಂತಾದ್ರೂ ಆಗತ್ತೆ. ಯಾರೂ ತೆಗೆದೇ ಇಲ್ಲ ಅಂದ್ರೆ? ನಾನು ಅವತ್ತು ಅಲ್ಲಿ ನಿಂತಿದ್ನೋ ಇಲ್ವೋ ಅಂತ ನಂಗೇ ಅನುಮಾನ ಬರಕ್ಕೆ ಶುರುವಾಯ್ತು ಸಾರ್.”

ಅರ್ಪಿತ ವಾಹಿನಿಗೆ ಇಮೇಲ್ ಬರೆದಳು. ಮೂಲ ಫೋಟೊ ಇದ್ದರೆ ಕಳಿಸಿ ಎಂಬ ಉತ್ತರ ಬಂತು. ಮೂಲ ಇದ್ದದ್ದು ಹಳೆಯ ಫೋನಿನಲ್ಲಿ. ಅದನ್ನು ಹಬ್ಬದ ಆಫರಿನಲ್ಲಿ ಕೊಟ್ಟು ಹೊಸದು ತಂದಾಗಿತ್ತು. ಕೊಡುವ ಮೊದಲು ಒಳಗಿದ್ದದ್ದನ್ನು ಅಳಿಸಿದ್ದವಳು ಅರ್ಪಿತಳೇ. ಅವಳು ಅತ್ತಳು. ಮರುದಿನ ಬೆಳಕು ಹರಿಯುವ ಮೊದಲೇ ಪಿಳ್ಳಪ್ಪ ಸ್ಕೂಟರ್ ಹತ್ತಿ ಕುಮಾರಸ್ವಾಮಿ ಲೇಔಟ್‌ಗೆ ಹೋದರು. ಅದೇ ಜಾಗದಿಂದ ಇನ್ನೊಂದು ತೆಗೆದರೆ ಬೆಟ್ಟದ ಅಂಚಾದರೂ ತಾಳೆಯಾಗುತ್ತದಲ್ಲ ಎಂಬುದು ಅವರ ಲೆಕ್ಕ.

ಸಂಜೀವಯ್ಯನವರ ತಾರಸಿಗೆ ಹೊರಗಿನ ಮೆಟ್ಟಿಲಿನಿಂದ ಹತ್ತಿ ನೋಡಿದರೆ ಬೆಟ್ಟವೇ ಇರಲಿಲ್ಲ. ಎದುರಿನ ನಿವೇಶನದಲ್ಲಿ ಕಟ್ಟಡ ಎದ್ದಿತ್ತು. ಹಸಿರು ಬಲೆ, ಸಾರುವೆ ಕಂಬ, ಮೇಲಕ್ಕೆ ಚಾಚಿದ ಕಬ್ಬಿಣದ ಸರಳು. ಟ್ಯಾಂಕಿನ ಮೇಲೆ ಹತ್ತಿದರೂ ಕಂಡದ್ದು ಅಷ್ಟೇ. ಪಿಳ್ಳಪ್ಪ ಟ್ಯಾಂಕಿಗೆ ಒರಗಿ ಕೂತುಬಿಟ್ಟರು. ಎದ್ದು ಬಂದ ಸಂಜೀವಯ್ಯ ಏನಾಯಿತೆಂದು ಕೇಳಿದಾಗ ಎಲ್ಲವನ್ನೂ ಹೇಳಿಕೊಂಡರು. ಆ ಹಿರಿಯರು, ಆ ಬ್ಯಾಂಕಿನವರ ನಂಬರ್ ಕೊಡು ಎಂದರು. ಬೇಡ ಎಂದರೂ ಬಿಡಲಿಲ್ಲ.

“ಸ್ವಾಮಿ, ನಾನು ಸಂಜೀವಯ್ಯ ಅಂತ,” ಎಂದು ಫೋನಿನಲ್ಲಿ ಶುರುಮಾಡಿದರು. “ಆ ಫೋಟೊ ತೆಗೆಯಕ್ಕೆ ಇವ್ನು ನಮ್ಮ ಟ್ಯಾಂಕ್ ಮೇಲೆ ಹತ್ತಿದ್ದ. ಟ್ಯಾಂಕ್ ಒಡೆದೋಗತ್ತೆ ಇಳಿಯಲೇ ಅಂತ ನಾನೇ ಬೈದು ಇಳಿಸ್ದೆ. ಕಂಪ್ಯೂಟರ್‌ನ ಯಾರಾದ್ರೂ ಬೈದು ಇಳಿಸ್ತಾರಾ?”

ಸೇತುರಾಮ ಫೋನನ್ನು ಪಿಳ್ಳಪ್ಪನಿಗೆ ಕೊಡಿ ಎಂದರು. ತಪ್ಪಾಯಿತು ಎಂದು ನೇರವಾಗಿ ಹೇಳಿದರು. ವಾಹಿನಿಯಲ್ಲಿ ತಮಗೆ ಪರಿಚಯದವರಿದ್ದಾರೆ, ಮಾತಾಡುತ್ತೇನೆ ಎಂದೂ ಹೇಳಿ, ಅಂದೇ ಮಾತಾಡಿದರು.

ಅದರ ಮರುದಿನ ಮನೆಯವರೆಲ್ಲ ಟಿ.ವಿ. ಮುಂದೆ ಕೂತರು. ಮುನಿವೆಂಕಟಮ್ಮ ಇಡ್ಲಿ ಪಾತ್ರೆ ಒಲೆಯ ಮೇಲಿಟ್ಟು ಬಂದರು. ಹವಾಮಾನದ ಹುಡುಗಿ ಬಂದಳು. ಅವಳ ಹಿಂದೆ ಯಾವುದೋ ದೇಶದ ಸರೋವರ, ಹಿಮ, ಪೈನ್ ಮರಗಳು. “ಹೆಸ್ರು ಹಾಕಿ ಅಂತ ಕೇಳಿದ್ವಿ. ಚಿತ್ರಾನೇ ತೆಗೆದಾಕಿದ್ರು,” ಎನ್ನುವಾಗ ಪಿಳ್ಳಪ್ಪ ನಗುತ್ತಾರೆ, ಆದರೆ ಕೈಬೆರಳುಗಳು ಸ್ಪ್ಯಾನರನ್ನು ತಿರುಗಿಸುತ್ತಲೇ ಇವೆ.

ಅಂದು ಮುನಿವೆಂಕಟಮ್ಮ ಮಗಳ ಫೋನಿನಲ್ಲಿದ್ದ ಹರಿದಾಡಿದ ಪ್ರತಿಯನ್ನು ಕೇಳಿ ನೋಡಿದರು. ಗುಲಾಬಿ ಹೂವು ಅಂಟಿಸಿದ್ದು ಅದು. ತುಂಬ ಹೊತ್ತು ನೋಡಿ, ಟ್ಯಾಂಕ್ ಮೇಲೆ ಹತ್ತಿದ್ದು ನಿಜವೇ ಎಂದು ಗಂಡನನ್ನು ಕೇಳಿದರು. ನಿಜ ಎಂದರು ಪಿಳ್ಳಪ್ಪ. ಬೈಗುಳಕ್ಕೆ ಕಾದರು. ಆಕೆ ಬೈಯಲಿಲ್ಲ. ಇಡ್ಲಿ ಇಳಿಸಲು ಎದ್ದು ಹೋಗುತ್ತ ಇಷ್ಟು ಹೇಳಿದರು: “ಮುಂದಿನ್ ಸಲ ನೆಲದ್ ಮೇಲ್ ನಿಂತ್ಕೊಂಡು ತೆಗಿ. ಬೆಟ್ಟ ಎಲ್ಲೂ ಓಡೋಗಲ್ಲ.”

ಬೆಟ್ಟ ಓಡಿಹೋಗುವುದಿಲ್ಲ, ನಿಜ. ಪಿಳ್ಳಪ್ಪನ ಕೈತಪ್ಪುತ್ತಿರುವುದು ತಾರಸಿಗಳು. ದಿನಕ್ಕೆ ಹತ್ತು ಹನ್ನೆರಡು ಮನೆ ಹತ್ತುತ್ತಿದ್ದವರಿಗೆ ಈಗ ಮೂರೋ ನಾಲ್ಕೋ ಕರೆ ಬಂದರೆ ಹೆಚ್ಚು. ಅದರಲ್ಲೂ ಅರ್ಧ ಡಿಶ್ ಬಿಚ್ಚಿಕೊಂಡು ಹೋಗಿ ಎನ್ನುವವರದು. ಜನ ಟಿ.ವಿ.ಯನ್ನು ಇಂಟರ್‌ನೆಟ್ಟಿನಲ್ಲಿ ನೋಡುತ್ತಾರೆ. ಸೇತುರಾಮ ಅವರೂ ಬಿಚ್ಚಿಸಿದರು. ಬಿಚ್ಚುವಾಗ ಜೊತೆಗೇ ಮೇಲೆ ಬಂದು, ಸಂಕೋಚದಿಂದ, ಆ ಫೋಟೊದ ಒಂದು ಪ್ರತಿ ನನಗೂ ಬೇಕಿತ್ತು ಎಂದರಂತೆ. ಒಳ್ಳೆಯ ಪ್ರತಿ ಪಿಳ್ಳಪ್ಪನ ಬಳಿಯೇ ಇಲ್ಲ.

ಬರುವ ತಿಂಗಳಿಂದ ಬಿಟಿಎಂ ಲೇಔಟ್‌ನ ಗೋದಾಮಿನಲ್ಲಿ ಕೂತು, ವಾಪಸು ಬಂದ ಸೆಟ್‌ಟಾಪ್ ಬಾಕ್ಸುಗಳನ್ನು ಪರೀಕ್ಷಿಸುವ ಕೆಲಸ ನೋಡಿಕೊಳ್ಳಿ ಎಂದು ಕಂಪನಿ ಹೇಳಿದೆ. ಕುರ್ಚಿ, ಫ್ಯಾನು, ಅದೇ ಸಂಬಳ. ಮುನಿವೆಂಕಟಮ್ಮನಿಗೆ ಸಮಾಧಾನ. ಪಿಳ್ಳಪ್ಪ ಮಾತ್ರ ಆ ಗೋದಾಮನ್ನು ನೋಡಿ ಬಂದ ದಿನದಿಂದ ಅದರ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ. ಅಲ್ಲಿ ಕಿಟಕಿಯಿಲ್ಲ. “ಡಿಶ್ ಇದ್ರೆ ಯಾರ್ ಮನೆ ಮೇಲಾದ್ರೂ ಹತ್ಬೋದಿತ್ತು. ಇನ್ನು ಯಾವ ನೆಪ ಹೇಳೋದು?” ಎಂಬುದೊಂದೇ ಅವರ ಚಿಂತೆ.

ಹೋದ ಭಾನುವಾರ ಆ ಚಿಂತೆಯೇ ಅವರನ್ನು ಮಲಗಗೊಡಲಿಲ್ಲ. ಮಳೆ ನಿಂತು ಆಕಾಶ ತೊಳೆದಂತಿತ್ತು. ಕುಮಾರಸ್ವಾಮಿ ಲೇಔಟ್‌ನಲ್ಲಿ, ಎದ್ದುನಿಂತ ಹೊಸ ಕಟ್ಟಡದ ಆಚೆ ಒಂದು ಮನೆ ಅವರ ಕಣ್ಣಲ್ಲಿ ಬಹಳ ದಿನದಿಂದ ಇತ್ತು. ಅದರ ಮೇಲೆ ಡಿಶ್ ಎಂದೂ ಇರಲಿಲ್ಲ, ಹಾಗಾಗಿ ಅವರು ಎಂದೂ ಹತ್ತಿರಲಿಲ್ಲ. ಕಂಪನಿಯ ಟೀಶರ್ಟು ಹಾಕಿಕೊಂಡು ಹೋಗೋಣ, ಕೇಬಲ್ ನೋಡಬೇಕು ಎನ್ನೋಣ ಎಂದು ಮೊದಲು ಅಂದುಕೊಂಡರು. ಆಮೇಲೆ ಅದನ್ನು ಕಳಚಿಟ್ಟು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಸಾಮಾನಿನ ಚೀಲವನ್ನೂ ಮನೆಯಲ್ಲೇ ಬಿಟ್ಟರು. ಗೇಟಿನ ಮುಂದೆ ನಿಂತಾಗ ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಎರಡು ಸಲ ಹಿಂದಕ್ಕೆ ತಿರುಗಿದರು. ಮೂರನೆಯ ಸಲ ಬೆಲ್ ಒತ್ತಿದರು.

ಬಾಗಿಲು ತೆರೆದವರು ಮಧುಮತಿ ಎಂಬ ಗೃಹಿಣಿ. ಒಳಗೆ ನಾಯಿ ಬೊಗಳುತ್ತಿತ್ತು. ಪಿಳ್ಳಪ್ಪ ಡಿಶ್ ಕೆಲಸದವನು ಎಂದು ತಮ್ಮನ್ನು ಪರಿಚಯಿಸಿಕೊಂಡರು.

“ನಮ್ಮನೇಲಿ ಡಿಶ್ ಇಲ್ವಲ್ಲ.”

“ಗೊತ್ತು ಮೇಡಂ. ನಿಮ್ಮ ಟೆರೇಸ್ ಮೇಲಿಂದ ಬೆಟ್ಟ ಕಾಣತ್ತೆ. ಒಂದು ಫೋಟೊ ತಗೊಂಡು ಇಳಿದ್ಬಿಡ್ತೀನಿ.”

ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಯಾರು ಕಳಿಸಿದ್ದು ಎಂದು ಕೇಳಿದರು. ಯಾರೂ ಇಲ್ಲ ಎಂದರು ಪಿಳ್ಳಪ್ಪ. ಯಾವುದಕ್ಕೆ ಫೋಟೊ ಎಂದು ಕೇಳಿದರು. ನೋಡಕ್ಕೆ ಮೇಡಂ ಎಂದರು. ಮಧುಮತಿ ಒಳಗೆ ಹೋದರು. ಬಾಗಿಲು ಮುಚ್ಚಿತು ಅಂತಲೇ ಅಂದುಕೊಂಡೆ ಎನ್ನುತ್ತಾರೆ ಪಿಳ್ಳಪ್ಪ. ಅಷ್ಟರಲ್ಲಿ ಆಕೆ ಕೀಲಿಕೈ ಹಿಡಿದು, ನಾಯಿಯನ್ನು ಕಟ್ಟಿ ಬಂದರು. ತಾವೂ ಹಿಂದೆಯೇ ಮೆಟ್ಟಿಲು ಹತ್ತಿದರು.

ಮೇಲೆ ಸೂರ್ಯ ಆಗಷ್ಟೇ ಹೊರಬರುತ್ತಿದ್ದ. ಬೆಟ್ಟಸಾಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಡ್ಡವಿಲ್ಲದೆ ಬಿದ್ದಿತ್ತು. ಪಿಳ್ಳಪ್ಪ ಟ್ಯಾಂಕಿನ ಕಡೆ ಒಮ್ಮೆ ನೋಡಿದರು, ಆದರೆ ನೆಲದ ಮೇಲೇ ನಿಂತು ತೆಗೆದರು. ಮಂಜು ಇರಲಿಲ್ಲ. ಆ ಜನವರಿಯ ಚಿತ್ರದಂತೆ ಇದು ಬರಲಿಲ್ಲ, ಬರುವುದೂ ಇಲ್ಲ. ಮೋಟುಗೋಡೆಗೆ ಕೈಯೂರಿ ನೋಡುತ್ತಿದ್ದ ಮಧುಮತಿ, ಬಟ್ಟೆ ಒಣಗಿಸಲು ದಿನಾ ಬರುವುದು ಮಧ್ಯಾಹ್ನ, ಆಗ ಬಿಸಿಲಿಗೆ ಕಣ್ಣೇ ಬಿಡಲಾಗುವುದಿಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಇಳಿಯುವಾಗ ಪಿಳ್ಳಪ್ಪ ಧೈರ್ಯ ಮಾಡಿ ಕೇಳಿದರು: “ಚಳಿಗಾಲದಲ್ಲಿ ಇನ್ನೂ ಚೆನ್ನಾಗ್ ಕಾಣತ್ತೆ ಮೇಡಂ. ಆಗೊಂದ್ಸಲ ಬರ್ಲಾ?”

ಮಧುಮತಿ ತಾರಸಿಯ ಬಾಗಿಲಿಗೆ ಬೀಗ ಹಾಕುತ್ತಿದ್ದರು. ತಿರುಗಿ ನೋಡದೆ ಹೇಳಿದರು:

“ಬೆಲ್ ಮಾಡ್ಬೇಡಿ, ನಾಯಿ ಎದ್ಬಿಡತ್ತೆ. ನನ್ ನಂಬರ್ ಬರ್ಕೊಂಡೋಗಿ. ಗೇಟ್ ಹತ್ರ ನಿಂತು ಒಂದು ಫೋನ್ ಮಾಡಿ, ನಾನೇ ಬಾಗ್ಲು ತೆಗೀತೀನಿ.”