ಅತ್ತರಿನ ಅರಳೆ

೧೯೯೮ರಲ್ಲಿ ನಾನು ಮುರಗೋಡದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಹಿಂದಿನ ಓಣಿಯ ಹುಸೇನಬಿಗೆ ಡಿಮೆನ್ಶಿಯಾ, ಅಂದರೆ ನೆನಪು ಒಂದೊಂದಾಗಿ ಅಳಿಸಿಹೋಗುವ ಕಾಯಿಲೆ. ಬಿ.ಪಿ. ನೋಡಲು ವಾರಕ್ಕೊಮ್ಮೆ ಆಕೆಯ ಮನೆಗೆ ಹೋಗುತ್ತಿದ್ದೆ. ಮಗ ರಫೀಕನ ಹೆಸರೂ ಆಕೆಗೆ ಮರೆತುಹೋಗಿತ್ತು. ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದಳು. ಹೊಸ್ತಿಲಂತೂ ದಾಟುತ್ತಿರಲಿಲ್ಲ, ಕೈಹಿಡಿದು ಎಬ್ಬಿಸಿದರೆ ಬಾಗಿಲ ಚೌಕಟ್ಟು ತಬ್ಬಿ ಚೀರುತ್ತಿದ್ದಳು. ಆಕೆಗೆ ಇನ್ನೂ ಗುರುತು ಇದ್ದದ್ದು ಆ ಮನೆಯೊಂದೇ.

ಒಂದು ಶುಕ್ರವಾರ ನಮ್ಮ ಆಂಬ್ಯುಲೆನ್ಸ್ ಡ್ರೈವರ್ ನಮಾಜು ಮುಗಿಸಿ ನನ್ನನ್ನು ಕರೆಯಲು ಅಲ್ಲಿಗೇ ಬಂದ. ಅವನ ಕಿವಿಯ ಸಂದಿಯಲ್ಲಿ ಖಸ್ ಅತ್ತರು, ಅಂದರೆ ಲಾವಂಚದ ಸುಗಂಧ, ಅದ್ದಿದ ಅರಳೆ. ಹುಸೇನಬಿ ಮುಖ ಎತ್ತಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು. ತೀರಿಹೋದ ಗಂಡ ದಸ್ತಗೀರಸಾಬ ಬೈಲಹೊಂಗಲದಿಂದ ಹತ್ತಿ ಲಾರಿ ಓಡಿಸುತ್ತಿದ್ದವರು. ಶುಕ್ರವಾರ ಇದೇ ಅತ್ತರು ಕಿವಿಗಿಡುತ್ತಿದ್ದರಂತೆ. ಸಿರಸಂಗಿ ಹತ್ತಿರ ಅವರ ಲಾರಿಯ ಟೈರು ಒಡೆದದ್ದನ್ನು ನಗುನಗುತ್ತ ಹೇಳಿ, ಇಡೀ ಒಂದು ರೊಟ್ಟಿ ತಿಂದಳು. ನನ್ನ ಕಣ್ಣು ತುಂಬಿ ಬಂತು.

ವಾಸನೆಯ ದಾರಿ ಮೆದುಳಿನಲ್ಲಿ ನೆನಪಿನ ಜಾಗದ ಪಕ್ಕದಲ್ಲೇ ಹಾಯುತ್ತದೆ ಎಂದು ನಮ್ಮ ಡಾಕ್ಟರು ವಿವರಿಸಿದರು. ಊಟದ ಹೊತ್ತಿಗೆ ಅಂಥ ಅರಳೆ ತಾಟಿನ ಬಳಿ ಇಡಲು ರಫೀಕನಿಗೆ ಹೇಳಿಕೊಟ್ಟೆ. ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತು ವಾಸನೆ ಇರುತ್ತದೆ ಎಂದೆಲ್ಲ ಕೇಳಿದ. ಎಂಥ ಮಗನಪ್ಪಾ ಎಂದು ಓಣಿತುಂಬ ಹೊಗಳಿದೆ ನಾನು.

ಆ ಮಗ ಮಾಡಿದ್ದೇನು? ಮನೆ ಮಾರಲು ಮಾತಾಗಿತ್ತು, ತಾಯಿ ಹೊರಗೆ ಬರುತ್ತಿರಲಿಲ್ಲ. ಒಂದು ಮುಂಜಾನೆ ಅಪ್ಪನ ಟೊಪ್ಪಿಗೆ ಹಾಕಿ, ಕಿವಿಗೆ ಅತ್ತರಿಟ್ಟು, "ನಡಿ, ಸಂಜಿಗೆ ತಿರುಗಿ ಬರೂಣು" ಎಂದನಂತೆ. ಆಕೆ ಹೊಸ ಸೀರೆ ಉಟ್ಟು ಖುಷಿಯಿಂದ ಟೆಂಪೋ ಹತ್ತಿದಳಂತೆ. ರಾಮದುರ್ಗದ ದೂರದ ಸಂಬಂಧಿಕರ ಪಡಸಾಲೆಯಲ್ಲಿ ಕೂರಿಸಿ ಅವನು ವಾಪಸಾದ. ನೆರೆಯವರು ಇದನ್ನು ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ಉಣ್ಣಿಸಲಿ ಎಂದು ಕೊಟ್ಟದ್ದನ್ನು ಹೊರಹಾಕಲು ಬಳಸಿದ್ದ, ಹರಾಮಖೋರ.

ರಜೆ ಹಾಕಿ ರಾಮದುರ್ಗಕ್ಕೆ ಹೋದೆ. ಆಕೆ ಊಟ ಬಿಟ್ಟಿದ್ದಳು. ಅತ್ತರಿನ ಅರಳೆ ಹತ್ತಿರ ಹಿಡಿದರೆ ಮುಖ ಗೋಡೆಗೆ ತಿರುಗಿಸಿದಳು.

"ಒಯ್ರಿ ಅದನ್ನ. ಸಂಜಿಗೆ ತಿರುಗಿ ಬರೂಣು ಅಂದು ನಮ್ಮನಿಯವರು ಇಲ್ಲಿ ಬಿಟ್ಟು ಹೋದ್ರು. ಜಲ್ಮದಾಗ ಒಂದು ಸುಳ್ಳು ಹೇಳಿದ್ದಿಲ್ಲ ಅವರು."

ಅವರಲ್ಲ, ನಿಮ್ಮ ಮಗ ರಫೀಕ ಎಂದು ಬಿಡಿಸಿ ಹೇಳಿದೆ. ರಫೀಕ ಯಾರು ಎಂದು ಕೇಳಿದಳು.

ಆಮೇಲೆ ಎಷ್ಟೋ ಮುದುಕರ ಆರೈಕೆ ಮಾಡಿದೆ. ಯಾವ ವಾಸನೆಗೆ ಅವರ ಮುಖ ಅರಳುತ್ತದೆ ಎಂಬುದನ್ನು ಮನೆಯವರಿಗೆ ಹೇಳಲು ಮಾತ್ರ ಹೋಗಲಿಲ್ಲ. ಮೋಸ ಮಾಡಿದವನು ಆರಾಮಾಗಿದ್ದ. ಹೆಂಡತಿಯ ಕಣ್ಣಲ್ಲಿ ಮೋಸಗಾರನಾದದ್ದು ಎಂದೋ ಮಣ್ಣು ಸೇರಿದ್ದ ದಸ್ತಗೀರಸಾಬ.