ಟ್ಯಾಂಕರಿನ ಮೂತಿಗೆ ಕಟ್ಟಿದ ಗೊಂಬೆ

ಮೊನ್ನೆ ಜೋರು ಮಳೆಯಲ್ಲಿ ಕೊಡ ಹಿಡಿದು ಟ್ಯಾಂಕರಿನ ಮುಂದೆ ನಿಂತಿದ್ದೆ. ಮೂಗಿಗೆ ಮೆಂತ್ಯದ ವಾಸನೆ ಬಡಿಯಿತು. ತಲೆಯೆತ್ತಿ ನೋಡಿದರೆ, ಬಂಪರಿಗೆ ದೃಷ್ಟಿಗೆಂದು ಕಟ್ಟಿದ್ದ ಗೊಂಬೆಯ ಬಣ್ಣ ಕಿತ್ತು, ಒಳಗಿನ ಕಾಗದ ನೆನೆದು ಮುದ್ದೆಯಾಗುತ್ತಿತ್ತು. ಹಾಳಾದ್ದು, ಇನ್ನೂ ಇದೆಯಲ್ಲ ಅಂದುಕೊಂಡೆ. ಅದನ್ನು ಮಾಡಿದ ಟೀಚರಮ್ಮ ಮಾತ್ರ ಇಲ್ಲ...

ಲಗ್ಗೆರೆಯ ನಮ್ಮ ವಠಾರದಲ್ಲಿ ನನ್ನ ಪಕ್ಕದ ರೂಮು ಅವರದು. ಕೊಪ್ಪಳದ ಕಡೆಯವರು, ಒಂಟಿ ಹೆಂಗಸು, ಅಂಗನವಾಡಿಯಲ್ಲಿ ಕೆಲಸ. ಹಳೆ ಪೇಪರ್ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಗೊಂಬೆಯ ತಲೆ ಮಾಡುತ್ತಿದ್ದರು. ಮೆಂತ್ಯ ಹಾಕಿದರೆ ಹುಳ ಹಿಡಿಯುವುದಿಲ್ಲವಂತೆ. ನಾನು ಗಾರ್ಮೆಂಟ್ಸಿನಿಂದ ತರುತ್ತಿದ್ದ ಕಟ್‌ಪೀಸುಗಳೇ ಗೊಂಬೆಗಳ ಅಂಗಿ. ಭಾನುವಾರ ಬಂತೆಂದರೆ ಬೀದಿ ಮೂಲೆಯಲ್ಲಿ ಸೀರೆ ಅಡ್ಡ ಕಟ್ಟಿ ಆಟ. ಕೆರೆ ಮುಚ್ಚಿದ್ದು, ಮರ ಕಡಿದದ್ದು, ವರ್ಷದಿಂದ ವರ್ಷಕ್ಕೆ ಬಿಸಿಲು ಏರಿದ್ದು, ಬೋರು ಬತ್ತಿದ್ದು... ಇಂಥವೇ ಕಥೆ. ಅವರಿಗಿದ್ದದ್ದು ಒಂದೇ ಹಟ: ನಮ್ಮ ಚಾವಣಿಯ ಮಳೆನೀರು ಚರಂಡಿಗೆ ಹೋಗದೆ ನೆಲದಡಿಯ ಸಂಪಿನ ತೊಟ್ಟಿಗೆ ಬೀಳಬೇಕು.

ಈ ಸಲದ ಬೇಸಿಗೆಯಲ್ಲಿ ಆಟಕ್ಕೆ ಹೊಸ ರಾಕ್ಷಸ ಬಂದ. ಕೆರೆಗೆ ಪೈಪು ಹಾಕಿ ಗಟಗಟ ಕುಡಿಯುವವನು. ಡೊಳ್ಳು ಹೊಟ್ಟೆ, ನೆತ್ತಿಯ ಮೇಲೆ ಕೂಲಿಂಗ್ ಗ್ಲಾಸ್, ತಿರುವಿದ ಮೀಸೆ... ನಮ್ಮ ಬೀದಿಗೆ ನೀರು ಮಾರುವ ಟ್ಯಾಂಕರ್ ಅಣ್ಣನ ಪಡಿಯಚ್ಚು. ಮಕ್ಕಳು ಗುರುತು ಹಿಡಿದು ಕೂಗಿದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

"ಅವ್ನಿಗೆ ಗೊತ್ತಾದ್ರೆ ಸುಮ್ನಿರ್ತಾನಾ ಟೀಚರಮ್ಮ?" ಎಂದು ಕೇಳಿದೆ.

"ಗೊತ್ತಾಗ್ಲಿ ಅಂತನ ಮಾಡೀನಿ ನೋಡವ್ವ" ಎಂದರು.

ವಠಾರದ ಓನರಮ್ಮನಂಥ ಜುಗ್ಗಿಯೇ ಮರುದಿನ ಚಾವಣಿಗೆ ಪೈಪು ತರಿಸಿದರು. ಅಷ್ಟು ಚೆನ್ನಾಗಿ ಆಡಿಸಿದ್ದರು ಮಹಾತಾಯಿ.

ಆಮೇಲೆ ಟ್ಯಾಂಕರ್ ಬರಲಿಲ್ಲ. ಬೇರೆಯವರ ಟ್ಯಾಂಕರನ್ನೂ ಅವನು ನಮ್ಮ ಬೀದಿಗೆ ಬಿಡಲಿಲ್ಲ. ಮಳೆಗೆ ಇನ್ನೂ ದಿನವಿತ್ತು. ಬರೀ ಪೈಪು ಇಟ್ಟುಕೊಂಡು ಏನು ಕುಡಿಯುವುದು? ನಕ್ಕ ಬಾಯಿಗಳೆಲ್ಲ ಟೀಚರಮ್ಮನ ಬಾಗಿಲಿಗೆ ಬಂದವು. "ನಿನ್ ಆಟ ನೋಡಿದ್ದಕ್ಕೆ ಮಕ್ಳು ತೊಳ್ಕೊಳ್ಳೋಕೂ ನೀರಿಲ್ಲ ಕಣಮ್ಮ. ಹೋಗಿ ಅವ್ನ ಕಾಲಿಡ್ಕೊ" ಎಂದು ಓನರಮ್ಮ ಕಿರುಚಿದರು.

ಹಿಡಿಯಬೇಕಾಗಿಯೇ ಬಂತು. ಟ್ಯಾಂಕರ್ ಅಣ್ಣ ಬಂದ, ಬೀದಿ ನಡುವೆ ಗಾಡಿ ನಿಲ್ಲಿಸಿದ, ವಾಲ್ವ್ ಮಾತ್ರ ತಿರುವಲಿಲ್ಲ. ಕೊಡಗಳ ಸಾಲು ನೋಡಿ ನಕ್ಕ. "ಟೀಚರಮ್ಮ, ಇನ್ನೊಂದ್ ಶೋ ಆಗ್ಲಿ. ಈ ಸಲ ನಿಮ್ ರಾಕ್ಷಸ ಬಂದು ನನ್ ಕಾಲಿಗ್ ಬೀಳ್ತಾನೆ."

ಅದು ದಾರದ ಗೊಂಬೆಯಲ್ಲ, ಕೈಗೊಂಬೆ. ಅದು ಕಾಲಿಗೆ ಬೀಳಬೇಕಾದರೆ ಒಳಗಿನ ಕೈಯೂ ಬೀಳಬೇಕು... ಟೀಚರಮ್ಮ ನಮ್ಮ ಕಡೆ ಒಮ್ಮೆ ನೋಡಿದರು. ಯಾರೂ ಬೇಡ ಅನ್ನಲಿಲ್ಲ. ಕೈಗೆ ಗೊಂಬೆ ತೊಟ್ಟು, ಕಾದ ಡಾಂಬರಿನ ಮೇಲೆ ಮಂಡಿಯೂರಿ, ಅವನ ಚಪ್ಪಲಿಯ ಮೇಲೆ ರಾಕ್ಷಸನ ಹಣೆ ಇಟ್ಟರು. ಅವನು ಮಕ್ಕಳ ಕೈಲಿ ಚಪ್ಪಾಳೆ ಹೊಡೆಸಿದ. ಆಮೇಲೆ "ಚೆನ್ನಾಗೈತೆ, ದೃಷ್ಟಿಗಾಯ್ತು" ಎಂದು ಗೊಂಬೆಯನ್ನು ಅವರ ಕೈಯಿಂದ ಕಿತ್ತು ಬಂಪರಿಗೆ ಕಟ್ಟಿದ. ವಾಲ್ವ್ ತಿರುಗಿತು, ಜನ ಮುನ್ನುಗ್ಗಿದರು. ಟೀಚರಮ್ಮ ಇನ್ನೂ ಎದ್ದಿರಲಿಲ್ಲ. ಅವರ ಬೆರಳುಗಳು ಗೊಂಬೆ ಒಳಗಿದ್ದ ಹಾಗೇ ಮಡಿಸಿಕೊಂಡಿದ್ದವು. ಎಲ್ಲರೂ ಅವರನ್ನು ಬಳಸಿಕೊಂಡು ಓಡಿದರು.

ತಿಂಗಳೊಪ್ಪತ್ತಿನಲ್ಲಿ ರೂಮು ಖಾಲಿ ಮಾಡಿದರು. ಎಲ್ಲಿಗೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಈಗ ಎಲ್ಲಿದ್ದಾರೋ, ಹೇಗಿದ್ದಾರೋ... ಪೈಪು ಮಾತ್ರ ಯಾರೂ ಜೋಡಿಸದೆ ಚಾವಣಿಯಲ್ಲೇ ಇದೆ. ಓನರಮ್ಮ ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ.

ಮೊನ್ನೆ ಚಾವಣಿಯ ನೀರು ದಬದಬನೆ ಸುರಿದು ಚರಂಡಿ ಸೇರುತ್ತಿತ್ತು. ನೋಡುತ್ತಿದ್ದಂತೆ ರಾಕ್ಷಸನ ಮೀಸೆ ಕಳಚಿ ರಸ್ತೆಗೆ ಬಿತ್ತು. ಅಂಥ ಹೆಂಗಸನ್ನು ಕಳೆದುಕೊಂಡೆವಲ್ಲ ಅನ್ನಿಸಿತು.

"ಏನೇ ನಿಂತ್ಬಿಟ್ಟೆ, ಕೊಡ ಮುಂದಿಡೇ" ಎಂದು ಓನರಮ್ಮ ಹಿಂದಿನಿಂದ ತಿವಿದರು.

ಕೊಡದಲ್ಲಿ ಆಗಲೇ ಒಂದು ಬೊಗಸೆ ಮಳೆನೀರು ತುಂಬಿತ್ತು. ಅದನ್ನು ಚೆಲ್ಲಿ, ಟ್ಯಾಂಕರಿನ ಪೈಪಿಗೆ ಕೊಡ ಒಡ್ಡಿದೆ.