ಹರಿದ ಮೂಲೆಯ ಗೊರವಂಕ

ಮೈಮೇಲೆ ಬಂತು, ಕನಸಿನಲ್ಲಿ ಕಂಡಿತು ಎನ್ನುವವರ ಮಾತನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಈಗಲೂ ಅಂಥವನ್ನೆಲ್ಲ ನಂಬುವವಳಲ್ಲ. ಆದರೂ ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಬರೆದ ಒಂದು ಹಕ್ಕಿಯ ವಿಷಯ ನಿಮಗೆ ಹೇಳಲೇಬೇಕು.

ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮನೆ ಕೆಜಿಎಫ್‌ನ ಉರಿಗಾಂನಲ್ಲಿ. ಹಳೆಯ ಚಿಕಣಿ ಚಿತ್ರಗಳನ್ನು ನಕಲು ಮಾಡುವುದು ನನ್ನ ಹುಚ್ಚು. ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕೆಂದು ಬಿಜಾಪುರದ ಸುಲ್ತಾನರ ಕಾಲದ ಚಿತ್ರವೊಂದರ ನಕಲು ಕೇಳಿದರು. ಹೂಬಿಟ್ಟ ಮರದಡಿ ಕೂತ ರಾಜಕುಮಾರ. ಮೂಲಚಿತ್ರದ ಮೇಲಿನ ಮೂಲೆ ಹರಿದುಹೋಗಿತ್ತು. ಅದೇ ದೃಶ್ಯದ ಇನ್ನೂ ಹಳೆಯ ಇರಾನಿ ಚಿತ್ರದಲ್ಲಿ ಆ ಜಾಗದಲ್ಲಿ ಬುಲ್‌ಬುಲ್ ಇದೆ.

"ಅದನ್ನೇ ಹಾಕಿಬಿಡಿ. ಬಿಜಾಪುರದವರು ಇರಾನಿನವರನ್ನು ನೋಡಿ ಬರೆದವರು ತಾನೇ" ಎಂದರು ಪ್ರದರ್ಶನ ನಡೆಸುವ ಹಿರಿಯರು. ಆ ಮಾತು ಚುಚ್ಚಿತು. ಬೆಟ್ಟದ ಆ ನೇರಳೆ ಬಣ್ಣ, ಧಾರಾಳವಾಗಿ ಬಳಿದ ಚಿನ್ನ ನಮ್ಮ ನೆಲದ ಕೈಯೆಂದು ನನಗೆ ಗೊತ್ತಿತ್ತು. ಆದರೆ ಮೂಲೆಯಲ್ಲಿ ಬೇರೇನೋ ಇತ್ತೆನ್ನಲು ಪುರಾವೆ ಇರಲಿಲ್ಲ. ನಕಲಿನಲ್ಲಿ ಆ ಮೂಲೆಯಷ್ಟನ್ನು ಖಾಲಿ ಬಿಟ್ಟಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಕಾಮಸಮುದ್ರದಿಂದ ಬಸ್ಸಿನಲ್ಲಿ ತುಪ್ಪ ತಂದರು. ಹಸು ಸಾಕಿ, ಡೈರಿಗೆ ಹಾಲು ಹಾಕಿ ಬದುಕಿದವರು, ಪೆನ್ಸಿಲ್ ಹಿಡಿದವರಲ್ಲ. ನಾನು ಕಾಫಿ ಮಾಡಿ ತರುವಷ್ಟರಲ್ಲಿ ನನ್ನ ಇದ್ದಿಲ ಕಡ್ಡಿ ಅವರ ಕೈಯಲ್ಲಿತ್ತು. ಮೂಲೆಯಲ್ಲೊಂದು ಗೊರವಂಕ. ಕತ್ತು ಹಿಂದಕ್ಕೆ ತಿರುಗಿಸಿ, ಒಂದು ಕಾಲೆತ್ತಿ, ಕೊಕ್ಕಿನಲ್ಲಿ ಗರಿ ಕಚ್ಚಿಕೊಂಡಿತ್ತು. ವಾರಗಟ್ಟಲೆಯ ಕೆಲಸ ಹಾಳಾಯಿತೆಂದು ಕೋಪ ನೆತ್ತಿಗೇರಿತು.

"ಏನತ್ತೆ ಇದು, ಯಾಕೆ ಬರೆದ್ರಿ?"

"ನೀನೇ ಬಿಟ್ಬಿಟ್ಟಿದ್ಯಲ್ಲಮ್ಮಾ. ಅಲ್ಲೇ ಕೂತಿತ್ತು, ಅದ್ಕೇ ಆಕ್ದೆ."

ಎಲ್ಲಿ ನೋಡಿದಿರಿ ಎಂದರೆ "ಅಲ್ಲೇ ಕಣಮ್ಮಾ" ಎಂದು ಕಾಗದ ತೋರಿಸಿದರು. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಳಿಸಲು ರಬ್ಬರ್ ಎತ್ತಿಕೊಂಡೆ. ಗೆರೆಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಳಿಸಲು ಮನಸ್ಸು ಬರಲಿಲ್ಲ. ಆ ಹಕ್ಕಿಗೇ ಬಣ್ಣ ತುಂಬಿಬಿಟ್ಟೆ. ಪ್ರದರ್ಶನದ ದಿನ ಆ ಹಿರಿಯರು ಎಲ್ಲರೆದುರು "ಮೇಡಂ ಕಲ್ಪನೆ ಚೆನ್ನಾಗಿದೆ" ಎಂದು ನಕ್ಕರು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ವರ್ಷವಾದ ಮೇಲೆ ಆ ಹಿರಿಯರೇ ನನ್ನ ಫೋನಿಗೊಂದು ಚಿತ್ರ ಕಳಿಸಿದರು. ಬಿಜಾಪುರದ ಆ ಹಾಳೆ ಹರಿಯುವ ಮುಂಚೆ ಅದನ್ನು ನೋಡಿ ಮೊಘಲ್ ಕಲಾವಿದನೊಬ್ಬ ಬರೆದುಕೊಂಡದ್ದು. ಈವರೆಗೆ ಯಾರದೋ ಮನೆಯ ಪೆಟ್ಟಿಗೆಯಲ್ಲಿತ್ತಂತೆ. ಅದೇ ನೇರಳೆ ಬೆಟ್ಟ. ಮೂಲೆಯಲ್ಲಿ ಒಂದು ಕಾಲೆತ್ತಿದ ಗೊರವಂಕ, ಕೊಕ್ಕಿನಲ್ಲಿ ಗರಿ. "ನಿಮಗೆ ಹೇಗೆ ಗೊತ್ತಾಯಿತು ಮೇಡಂ?" ಎಂದು ಆಮೇಲೆ ಕರೆ ಮಾಡಿ ಮೆಲ್ಲಗೆ ಕೇಳಿದರು.

ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ನಮ್ಮ ಬಿಜಾಪುರದ ಕಲಾವಿದ ಇರಾನಿನ ಚಿತ್ರದಿಂದ ಮರವನ್ನು ತಂದ, ಅದರ ಮೇಲೆ ನಮ್ಮೂರ ಹಕ್ಕಿಯನ್ನು ಕೂರಿಸಿದ, ಉತ್ತರದ ಮೊಘಲರು ಆ ಹಕ್ಕಿಯನ್ನು ಇವನಿಂದ ಕಲಿತರು. ಅದನ್ನು ಮೊದಲು ಹೇಳಿದ್ದು ಓದುಬರಹ ಬಾರದ ನಮ್ಮತ್ತೆ.

ಮರುದಿನವೇ ಕಾಮಸಮುದ್ರಕ್ಕೆ ಹೋಗಿ, ಕೊಟ್ಟಿಗೆಯಲ್ಲಿದ್ದ ಅತ್ತೆಗೆ ಫೋನ್ ತೋರಿಸಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಅತ್ತೆ ಕಂಡದ್ದು ಏನನ್ನು, ಯಾವಾಗ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

"ಚೆನ್ನಾಗೈತೆ ಕಣಮ್ಮಾ," ಎಂದರು. "ಆದ್ರೆ ಇದ್ನ ಬರ್ದೋನು ಕಾಲು ತಪ್ಪಾಕವ್ನೆ. ಅದು ಎತ್ತಿದ್ದು ಈ ಕಡೆ ಕಾಲು."